ಕಡಲಾಚೆಯ ಕನ್ನಡ ಮನೆಗಳು

ಹಾವೇರಿಯ ಏಲಕ್ಕಿಮಾಲೆಯನ್ನು ಕಾಣದ ಕನ್ನಡಿಗರು ವಿರಳ. ಸಭೆ ಸಮ್ಮೇಲನಗಳಲ್ಲಿ ಗಣ್ಯರ ಕೊರಳಿಗೆ ಬೀಳುವ ಆ ಮಾಲೆಯಿಂದ ನಮ್ಮ ಊರಿನ ಹೆಸರು ನಾಡಿನ ಮೂಲೆಮೂಲೆಗೂ ಮುಟ್ಟಿದೆ. ಆದರೆ ಏಲಕ್ಕಿಯು ನಮ್ಮ ಹೊಲಗಳಲ್ಲಿ ಬೆಳೆಯುವ ಪದಾರ್ಥವಲ್ಲವೆಂಬದನ್ನು ಬಹುಜನರು ಅರಿಯರು. ಮಲೆನಾಡಿನ ನೆರಳಿನಲ್ಲಿ ಹುಟ್ಟಿ, ಹಿಂದಿನ ಕಾಲದಲ್ಲಿ ಗಾಡಿಗಳ ಮೇಲೆ ಇಲ್ಲಿಗೆ ಬಂದು, ಇಲ್ಲಿಯ ಬಾವಿಯ ನೀರಿನಲ್ಲಿ ತೊಳೆಯಿಸಿಕೊಂಡು ಬಿಳುಪಾಗಿ, ಅದು ಹಾವೇರಿಯ ಏಲಕ್ಕಿ ಎನಿಸಿಕೊಂಡಿತು. ಹುಟ್ಟಿದ್ದು ಒಂದು ಕಡೆ, ಹೆಸರಾದದ್ದು ಇನ್ನೊಂದು ಕಡೆ. ಪರಿಮಳ ಮಾತ್ರ ಹುಟ್ಟಿದ ನೆಲದ್ದೇ. ಊರು ಬಿಟ್ಟು ಅಮೇರಿಕೆಗೆ ಹೋಗಿ ಅಲ್ಲಿ ಹೆಸರಾದ ನಮ್ಮ ಮಕ್ಕಳ ವಿಷಯವಾಗಿ ಬರೆಯಲು ಕುಳಿತಾಗ ನಮಗೆ ಮೊದಲು ಈ ಏಲಕ್ಕಿಯ ನೆನಪಾಯಿತು. ಅವರಲ್ಲಿಯೂ ಹುಟ್ಟಿದ ನೆಲದ ಪರಿಮಳ ಉಳಿದಿದೆಯೆ? ಅವರ ಮಕ್ಕಳಲ್ಲಿ ಉಳಿದೀತೆ? ಇದೇ ಈ ಲೇಖನದ ಪ್ರಶ್ನೆ.

ಇದು ದೂರದ ಪ್ರಶ್ನೆಯೆಂದು ವಾಚಕರು ಪುಟ ತಿರುವಬಾರದು. ನಾವು ಮೂವತ್ತು ವರ್ಷಗಳ ಮೇಲ್ಪಟ್ಟು ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಗಳ ಶಾಲೆಗಳಲ್ಲಿ ಕನ್ನಡ ಸಂಸ್ಕೃತಗಳನ್ನು ಕಲಿಸಿ ಈಗ ನಿವೃತ್ತರಾಗಿದ್ದೇವೆ. ನಮ್ಮೆದುರು ನಿಂತು ಶಬ್ದರೂಪಗಳನ್ನು ಒಪ್ಪಿಸಿದ ಹುಡುಗರಲ್ಲಿ ಕೆಲವರು ಇಂದು ನ್ಯೂ ಜರ್ಸಿ, ಟೆಕ್ಸಸ್, ಕ್ಯಾಲಿಫೋರ್ನಿಯಾ ಪ್ರಾಂತಗಳಲ್ಲಿ ಮನೆ ಮಾಡಿಕೊಂಡಿದ್ದಾರೆ. ಹಾವೇರಿಯಲ್ಲಿ ಈಗ ನಾಲ್ಕು ಓಣಿ ತಿರುಗಿದರೆ ಅಂಥದೊಂದು ಮನೆ ಕಣ್ಣಿಗೆ ಬೀಳುತ್ತದೆ: ಗೋಡೆಯ ಮೇಲೆ ಹಿಮದಲ್ಲಿ ನಿಂತ ಮೊಮ್ಮಕ್ಕಳ ಚಿತ್ರ, ಮೇಜಿನ ಮೇಲೆ ಚಾರ್ಜಿಗೆ ಹಚ್ಚಿದ ಮೊಬೈಲು, ಅದರ ಮುಂದೆ ಕನ್ನಡಕ ಒರಸಿಕೊಳ್ಳುತ್ತ ಕುಳಿತ ಇಬ್ಬರು ವೃದ್ಧರು. ಬ್ಯಾಡಗಿಯಲ್ಲಿ ನಮ್ಮ ಪರಿಚಯದ ಮೆಣಸಿನಕಾಯಿ ವರ್ತಕರೊಬ್ಬರಿದ್ದಾರೆ. ಅವರ ಮನೆಯಲ್ಲಿ ಪ್ರತಿವರ್ಷ ಅಮೇರಿಕೆಯ ಮಗಳ ಸಲುವಾಗಿ ಖಾರದ ಪುಡಿಯನ್ನು ಬೇರೆ ಮಾಡಿಸಿ, ಮೂರು ಪದರಿನ ಚೀಲದಲ್ಲಿ ಕಟ್ಟಿ, ಊರಿಗೆ ಬಂದವರ ಪೆಟ್ಟಿಗೆಯಲ್ಲಿ ಇರಿಸಿ ಕಳಿಸುವ ಪದ್ಧತಿಯುಂಟು. ಬ್ಯಾಡಗಿಯ ಕಾಯಿಗೆ ಖಾರ ಕಡಿಮೆ, ಬಣ್ಣ ಹೆಚ್ಚು. ೨೦೧೧ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆತಿದೆ. ಅದರಿಂದ ತೆಗೆದ ಕೆಂಪು ಸತ್ತ್ವವು ಪರದೇಶಗಳ ತಿಂಡಿಗೂ ತುಟಿಯ ಬಣ್ಣಕ್ಕೂ ಹೋಗುತ್ತದೆ. ಕಾಯಿಯ ಬಣ್ಣವು ಕಡಲು ದಾಟಿದರೂ ಉಳಿಯುವದು. ಮಾತಿನ ಬಣ್ಣದ ಗತಿಯೇನು?

ನಮ್ಮ ಮನೆಯ ಸಂಗತಿಯನ್ನೇ ಹೇಳುವೆವು. ನಮ್ಮ ಮಗನು ನ್ಯೂ ಜರ್ಸಿಯಲ್ಲಿದ್ದಾನೆ. ಎರಡು ವರ್ಷಗಳ ಕೆಳಗೆ ಜುಲೈ ತಿಂಗಳಲ್ಲಿ, ಅಲ್ಲಿಯ ಶಾಲೆಗಳಿಗೆ ಬೇಸಿಗೆಯ ಸೂಟಿಯಿದ್ದಾಗ, ಆರು ವರ್ಷದ ಮಗಳನ್ನು ಕರೆದುಕೊಂಡು ಊರಿಗೆ ಬಂದನು. ಹೊರಗೆ ಜಿಟಿಜಿಟಿ ಮಳೆ. ನಮ್ಮ ಮನೆಯವರು ಕೂಸನ್ನು ಹತ್ತಿರ ಕೂಡ್ರಿಸಿಕೊಂಡು, ಹಿಂದೆ ಮಗನಿಗೆ ಹೇಳುತ್ತಿದ್ದ ಕಥೆಯನ್ನೇ ಅವಳಿಗೂ ಹೇಳಹತ್ತಿದರು. ಕೂಸು ಕೆಲವು ಹೊತ್ತು ಅವರ ಬಾಯನ್ನೇ ನೋಡಿತು. ಆ ಮೇಲೆ ತಂದೆಯ ಕಡೆಗೆ ತಿರುಗಿ, ಆಯಿ ಏನು ಹೇಳುತ್ತಿದ್ದಾಳೆಂದು ಇಂಗ್ಲಿಷಿನಲ್ಲಿ ಕೇಳಿತು. ಮಗನು ನಕ್ಕು, ಅಷ್ಟು ದೊಡ್ಡ ಕಥೆಯನ್ನು ಒಂದು ವಾಕ್ಯದಲ್ಲಿ ತರ್ಜುಮೆ ಮಾಡಿದನು. ಕಥೆಯು ಅಲ್ಲಿಗೇ ನಿಂತಿತು. ರಾತ್ರಿ ಅಡಿಗೆಮನೆಯಲ್ಲಿ ನಮ್ಮ ಮನೆಯವರು, "ಕೂಸು ನನ್ನ ಮೂಗು ತಗೊಂಡು ಹುಟ್ಟೇತಿ, ನನ್ನ ಮಾತು ತಗೊಂಡು ಹುಟ್ಟಲಿಲ್ಲ ನೋಡ್ರಿ" ಎಂದರು. ಊರ ಮಕ್ಕಳಿಗೆಲ್ಲ ಕನ್ನಡ ಕಲಿಸಿದ ನಮಗೆ ಆ ಮಾತಿಗೆ ಉತ್ತರ ತೋಚಲಿಲ್ಲ. ಅಂದಿನಿಂದ ನಾವು ಕಡಲಾಚೆಯ ಕನ್ನಡಿಗರ ಬಾಳಿನ ಬಗೆಗೆ ಓದಹತ್ತಿದೆವು. ಹಳೆಯ ಶಿಷ್ಯರನ್ನು ವಿಚಾರಿಸಹತ್ತಿದೆವು. ತಿಳಿದುಬಂದದ್ದನ್ನು ವಾಚಕರ ಮುಂದೆ ಇಡುತ್ತೇವೆ.

ಕಡಲು ದಾಟುವದು ನಮ್ಮವರಿಗೆ ಹಿಂದೆ ಸುಲಭದ ಮಾತಾಗಿರಲಿಲ್ಲ. ಬೌಧಾಯನ ಧರ್ಮಸೂತ್ರವು ಸಮುದ್ರಯಾನವನ್ನು ಪತನಕ್ಕೆ ಕಾರಣವಾದ ಕರ್ಮಗಳಲ್ಲಿ ಎಣಿಸಿದೆ. ಬಳಿಕ ನಿಬಂಧಕಾರರು ಅದನ್ನು ಕಲಿಯುಗದಲ್ಲಿ ವರ್ಜ್ಯವೆಂದರು. ಹೀಗಿದ್ದರೂ ಹೋಗುವವರು ಹೋದರು. ನಮ್ಮ ಜಿಲ್ಲೆಯ ಸವಣೂರಿನಲ್ಲಿ ೧೯೦೯ರಲ್ಲಿ ಹುಟ್ಟಿದ ವಿನಾಯಕ ಕೃಷ್ಣ ಗೋಕಾಕರು ೧೯೩೬ರಲ್ಲಿ ವ್ಯಾಸಂಗಕ್ಕಾಗಿ ಆಕ್ಸ್‌ಫರ್ಡಿಗೆ ತೆರಳಿದರು. ಆ ಕಡಲಪಯಣವು ಕನ್ನಡ ಕಾವ್ಯಕ್ಕೆ ಸಮುದ್ರಗೀತಗಳನ್ನು ತಂದುಕೊಟ್ಟಿತು. ಶಾಸ್ತ್ರದ ತಡೆ ಸಡಿಲಿದರೂ ಅಮೇರಿಕೆಯ ತಡೆ ಮಾತ್ರ ಗಟ್ಟಿಯಾಗಿತ್ತು. ಅಲ್ಲಿಯ ೧೯೧೭ರ ಕಾನೂನು ಏಶಿಯಾ ಖಂಡದ ಬಹುಭಾಗದ ಜನರ ವಲಸೆಯನ್ನು ನಿಲ್ಲಿಸಿತು. ೧೯೨೩ರಲ್ಲಿ ಅಲ್ಲಿಯ ವರಿಷ್ಠ ನ್ಯಾಯಾಲಯವು ಹಿಂದುಸ್ಥಾನದವನು ಅಮೇರಿಕೆಯ ನಾಗರಿಕನಾಗಲಾರನೆಂದು ತೀರ್ಪಿತ್ತಿತು. ೧೯೪೬ರಲ್ಲಿ ಬಾಗಿಲು ಕಿರಿದಾಗಿ ತೆರೆಯಿತು. ವರ್ಷಕ್ಕೆ ನೂರು ಜನರು ಮಾತ್ರ. ೧೯೬೫ರ ಕಾನೂನು ಹುಟ್ಟಿದ ದೇಶವನ್ನು ನೋಡಿ ಪಾಲು ಹಂಚುವ ಹಳೆಯ ಪದ್ಧತಿಯನ್ನು ತೆಗೆದುಹಾಕಿದ ಬಳಿಕವೇ ನಮ್ಮ ವೈದ್ಯರೂ ಇಂಜಿನಿಯರರೂ ಪ್ರಾಧ್ಯಾಪಕರೂ ಅಲ್ಲಿಗೆ ಸಾಲಾಗಿ ಹೋದರು. ೧೯೯೦ರ ದಶಕದಲ್ಲಿ ಗಣಕಯಂತ್ರದ ವಿದ್ಯೆಯವರು ಹೊರಟಾಗ ಆ ಸಾಲು ಪ್ರವಾಹವಾಯಿತು.

ಈ ಪ್ರವಾಹಕ್ಕೆ ಮೊದಲೇ ಹೋದವರಲ್ಲಿ ಏ. ಕೆ. ರಾಮಾನುಜನ್ನರನ್ನು ನೆನೆಯಬೇಕು. ನಮ್ಮ ನೆರೆಯ ಬೆಳಗಾವಿಯಲ್ಲಿ ಅಧ್ಯಾಪಕರಾಗಿದ್ದ ಅವರು ೧೯೫೯ರಲ್ಲಿ ಅಮೇರಿಕೆಗೆ ಹೋಗಿ, ಮುಂದೆ ಷಿಕಾಗೋ ವಿಶ್ವವಿದ್ಯಾಲಯದಲ್ಲಿ ನೆಲಸಿ, ೧೯೭೩ರಲ್ಲಿ ಬಸವಣ್ಣ, ದೇವರ ದಾಸಿಮಯ್ಯ, ಅಕ್ಕಮಹಾದೇವಿ, ಅಲ್ಲಮಪ್ರಭುಗಳ ವಚನಗಳನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದರು. ಪರದೇಶದಲ್ಲಿ ಕುಳಿತವನು ತನ್ನ ನುಡಿಯನ್ನು ಕಳೆದುಕೊಳ್ಳಲೇಬೇಕೆಂಬ ನಿಯಮವಿಲ್ಲ. ಅದನ್ನು ಲೋಕಕ್ಕೆ ಹಂಚಲೂ ಬಹುದು ಎಂಬದಕ್ಕೆ ಅವರು ಸಾಕ್ಷಿ. ಆದರೆ ಎಲ್ಲರೂ ರಾಮಾನುಜನ್ನರಾಗಲಾರರು. ಸಾಮಾನ್ಯ ಗೃಹಸ್ಥನಿಗೆ ನಾಲ್ಕು ಜನರ ಆಸರೆ ಬೇಕು. ಅದರಿಂದಲೇ ಕನ್ನಡ ಕೂಟಗಳು ಹುಟ್ಟಿದವು.

೧೯೭೦ರ ದಶಕದಿಂದ ಆಚೆಗೆ ಕನ್ನಡಿಗರು ನೆಲೆಸಿದ ದೊಡ್ಡ ಪಟ್ಟಣಗಳಲ್ಲಿ ಇಂಥ ಕೂಟಗಳು ಒಂದರ ಹಿಂದೆ ಒಂದು ಎದ್ದವು. ಅವುಗಳ ಹೆಸರುಗಳನ್ನು ಕೇಳಿದರೇ ಕಿವಿ ತಂಪಾಗುವದು. ಷಿಕಾಗೋದಲ್ಲಿ ವಿದ್ಯಾರಣ್ಯ, ಮಿಷಿಗನ್ನಿನಲ್ಲಿ ಪಂಪ, ಅಟ್ಲಾಂಟಾದಲ್ಲಿ ನೃಪತುಂಗ, ವಾಷಿಂಗ್ಟನ್ನಿನಲ್ಲಿ ಕಾವೇರಿ, ನ್ಯೂ ಜರ್ಸಿಯಲ್ಲಿ ಬೃಂದಾವನ, ಡಲ್ಲಾಸಿನಲ್ಲಿ ಮಲ್ಲಿಗೆ, ಬಾಸ್ಟನ್ನಿನ ಸುತ್ತಿನಲ್ಲಿ ಮಂದಾರ. ನಾಡಿನ ಕವಿ, ಅರಸು, ಯತಿ, ಹೊಳೆ, ಹೂವು ಎಲ್ಲವೂ ಕಡಲು ದಾಟಿವೆ. ಈ ಕೂಟಗಳು ಸೇರಿ ೧೯೯೮ರಲ್ಲಿ ಅಮೇರಿಕ ಕನ್ನಡ ಕೂಟಗಳ ಆಗರ ಎಂಬ ಸಂಸ್ಥೆಯನ್ನು ಕಟ್ಟಿದವು. ಅದರ ಅಕ್ಷರಗಳನ್ನು ಕೂಡಿಸಿ 'ಅಕ್ಕ' ಎಂದು ಕರೆಯುತ್ತಾರೆ. ಅಕ್ಕನ ಮೊದಲನೆಯ ವಿಶ್ವ ಕನ್ನಡ ಸಮ್ಮೇಲನವು ೨೦೦೦ರಲ್ಲಿ ಹ್ಯೂಸ್ಟನ್ನಿನಲ್ಲಿ ನೆರೆಯಿತು. ಎರಡನೆಯದು ೨೦೦೨ರಲ್ಲಿ ಡೆಟ್ರಾಯಿಟಿನಲ್ಲಿ. ಹಾಗೆಯೇ ಮುಂದುವರಿದು ೨೦೨೪ರಲ್ಲಿ ವರ್ಜೀನಿಯಾ ಪ್ರಾಂತದ ರಿಚ್ಮಂಡಿನಲ್ಲಿಯೂ ನೆರೆಯಿತು. ಆ ಮೇಲೆ 'ನಾವಿಕ' ಎಂಬ ಎರಡನೆಯ ಸಂಸ್ಥೆಯೂ ಹುಟ್ಟಿ ತನ್ನ ಸಮ್ಮೇಲನಗಳನ್ನು ನಡಿಸುತ್ತಿದೆ. ಇಬ್ಬರು ಕನ್ನಡಿಗರು ಸೇರಿದಲ್ಲಿ ಒಂದು ಸಂಘ, ಮೂವರು ಸೇರಿದಲ್ಲಿ ಎರಡು ಸಂಘ ಎಂದು ನಾವು ಊರಲ್ಲಿ ಹಾಸ್ಯಕ್ಕೆ ಹೇಳುವದುಂಟು; ಆ ಗುಣವೂ ಕೆಡದೆ ಕಡಲು ದಾಟಿತೆಂದು ತಿಳಿಯೋಣ.

ಕೂಟದ ವರ್ಷವು ಯುಗಾದಿಯಿಂದ ತೊಡಗುವದು. ಆದರೆ ಅಲ್ಲಿ ಚೈತ್ರ ಶುದ್ಧ ಪ್ರತಿಪದೆಯು ಮಂಗಳವಾರ ಬಂದರೆ ಯಾರಿಗೂ ಸೂಟಿಯಿಲ್ಲ. ಆದಕಾರಣ ಹಬ್ಬವು ಮುಂದಿನ ಶನಿವಾರಕ್ಕೆ ಸರಿಯುತ್ತದೆ. ಗಣೇಶನೂ ಶನಿವಾರಕ್ಕೆ ಕಾಯುತ್ತಾನೆ. ನವಂಬರ ಒಂದರ ರಾಜ್ಯೋತ್ಸವವೂ ವಾರದ ಕೊನೆಗೆ ಹೊಂದಿಕೊಳ್ಳುತ್ತದೆ. ಪಂಚಾಂಗ ಹಿಡಿದು ಬೆಳೆದ ನಮಗೆ ಇದನ್ನು ಕೇಳಿ ಮೊದಲು ಕಸಿವಿಸಿಯಾಯಿತು. ಬಳಿಕ, ತಿಥಿಯನ್ನು ಹಿಡಿದು ಒಬ್ಬನೇ ಬೇವುಬೆಲ್ಲ ತಿನ್ನುವದಕ್ಕಿಂತ ತಿಥಿ ತಪ್ಪಿದರೂ ನೂರು ಜನರೊಡನೆ ತಿನ್ನುವದು ಲೇಸೆಂದು ಮನಸ್ಸು ಒಪ್ಪಿತು. ಯಾವದೋ ಶಾಲೆಯ ಸಭಾಗೃಹವನ್ನು ಬಾಡಿಗೆಗೆ ಹಿಡಿಯುತ್ತಾರೆ. ನಾಲ್ಕು ಗಂಟೆಗೆಂದು ಸಾರಿದ ಕಾರ್ಯಕ್ರಮವು ಐದಕ್ಕೆ ತೊಡಗುತ್ತದೆ. ಮಕ್ಕಳು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಂಡ ಕನ್ನಡದ ಹಾಡನ್ನು ಹಾಡುತ್ತಾರೆ. ದೊಡ್ಡವರು ನಾಟಕವಾಡುತ್ತಾರೆ. ಕೊನೆಗೆ ಊಟ: ನಮ್ಮ ಕಡೆಯವರಿದ್ದರೆ ಜೋಳದ ರೊಟ್ಟಿ, ಎಣಗಾಯಿ; ಮೈಸೂರ ಕಡೆಯವರಿದ್ದರೆ ಬಿಸಿಬೇಳೆ ಭಾತು; ಎರಡೂ ಕಡೆಯವರು ಕಮಿಟಿಯಲ್ಲಿದ್ದರೆ ಚರ್ಚೆ ರಾತ್ರಿಯ ವರೆಗೆ. ಇಷ್ಟನ್ನು ನಮ್ಮ ಶಿಷ್ಯನೊಬ್ಬನು ನಗುತ್ತ ಹೇಳಿದನು. ಆದರೆ, "ಗುರುಗಳೇ, ವಾರವೆಲ್ಲ ನಾಲಿಗೆಯನ್ನು ಮಡಿಚಿ ಇಟ್ಟುಕೊಂಡವರಿಗೆ ಆ ಮೂರು ತಾಸು ಅದನ್ನು ಬಿಡಿಸಲಿಕ್ಕೆ ಸಿಗುತ್ತದೆ" ಎಂದಾಗ ಅವನು ನಗಲಿಲ್ಲ.

ಇನ್ನು ಸುದ್ದಿಯ ಮಾತು. ಮೊದಲು ಹೋದವರ ಕಾಲದಲ್ಲಿ ಊರಿನ ಸುದ್ದಿಯೆಂದರೆ ತೆಳುನೀಲಿ ಬಣ್ಣದ ವಿಮಾನದ ಕಾಗದ. ಅದು ಮುಟ್ಟುವ ಹೊತ್ತಿಗೆ ಜ್ವರ ಬಂದವನು ಎದ್ದು ಓಡಾಡುತ್ತಿರುವನು, ಇಲ್ಲವೆ ತೀರಿಹೋಗಿರುವನು. ಕನ್ನಡದ ಒಂದು ಪುಟ ಓದಬೇಕೆಂದರೂ ಊರಿನಿಂದ ಬರುವ ಪೆಟ್ಟಿಗೆಯ ದಾರಿ ಕಾಯಬೇಕು. ಇಂಥ ಕಾಲದಲ್ಲಿ, ೧೯೮೩ರಲ್ಲಿ, ಶಿಕಾರಿಪುರ ಹರಿಹರೇಶ್ವರರು ಕ್ಯಾಲಿಫೋರ್ನಿಯಾದಿಂದ 'ಅಮೆರಿಕನ್ನಡ' ಎಂಬ ದ್ವೈಮಾಸಿಕವನ್ನು ಹೊರಡಿಸಿದರು. ನಮ್ಮ ಹಿರೇಕೆರೂರು ಸೀಮೆಗೆ ಹತ್ತಿದ ಶಿಕಾರಿಪುರವನ್ನು ಹೆಸರಿನಲ್ಲಿಯೇ ಹೊತ್ತ ಅವರು ವೃತ್ತಿಯಿಂದ ಇಂಜಿನಿಯರರು. ಹಗಲು ಉದ್ಯೋಗ ಮಾಡಿ, ಪತ್ನಿ ನಾಗಲಕ್ಷ್ಮಿಯವರೊಡನೆ ಪತ್ರಿಕೆಯ ಕೆಲಸವನ್ನು ಮನೆಯ ಕೆಲಸದಂತೆ ನಡಿಸಿದರು. ಬಳಿಕ ಮೈಸೂರಿಗೆ ಮರಳಿದ ಅವರು ೨೦೧೦ರಲ್ಲಿ ತೀರಿಕೊಂಡರು. ಅಲ್ಲಿಯ ಬರಹಗಾರರು ಕಟ್ಟಿಕೊಂಡ ಕನ್ನಡ ಸಾಹಿತ್ಯ ರಂಗವು ೨೦೦೪ರಿಂದ ವಸಂತ ಸಾಹಿತ್ಯೋತ್ಸವವನ್ನು ನಡಿಸುತ್ತ, ನಾಡಿನ ಸಾಹಿತಿಗಳನ್ನು ಕರೆಸಿಕೊಂಡು, ಗ್ರಂಥಗಳನ್ನೂ ಪ್ರಕಟಿಸುತ್ತ ಬಂದಿದೆ. ಇಂದಿನ ಸ್ಥಿತಿಯಂತೂ ಬೇರೆಯೇ ಆಗಿದೆ. ೨೦೨೩ರ ಜನವರಿ ೬ರಿಂದ ೮ರ ವರೆಗೆ ಹಾವೇರಿಯಲ್ಲಿ ದೊಡ್ಡರಂಗೇಗೌಡರ ಅಧ್ಯಕ್ಷತೆಯಲ್ಲಿ ೮೬ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಲನವು ನೆರೆದಾಗ ನಾವು ಪೆಂಡಾಲಿನ ಹಿಂದಿನ ಸಾಲಿನಲ್ಲಿ ಕುಳಿತು ಭಾಷಣಗಳನ್ನು ಅರ್ಧಮರ್ಧ ಕೇಳಿದೆವು. ನಮ್ಮ ಮಗನು ನ್ಯೂ ಜರ್ಸಿಯಲ್ಲಿ ಹಾಸಿಗೆಯ ಮೇಲೆ ಕುಳಿತು ಎಲ್ಲವನ್ನೂ ಸ್ಪಷ್ಟವಾಗಿ ಕೇಳಿದನು. ಸುದ್ದಿಗೆ ಈಗ ದೂರವಿಲ್ಲ.

ಆದರೆ ಸುದ್ದಿ ಮುಟ್ಟಿದ ಮಾತ್ರಕ್ಕೆ ಮನುಷ್ಯನು ಮುಟ್ಟಿದಂತಾಗುವದಿಲ್ಲ. ರಾಣೇಬೆನ್ನೂರಿನಲ್ಲಿ ನಮ್ಮ ಸಹೋದ್ಯೋಗಿಯಾಗಿದ್ದ ಮಿತ್ರರೊಬ್ಬರು ೨೦೨೧ರ ಮಹಾಮಾರಿಯಲ್ಲಿ ತೀರಿಕೊಂಡರು. ಒಬ್ಬನೇ ಮಗನು ಟೆಕ್ಸಸಿನಲ್ಲಿ. ೨೦೨೦ರ ಮಾರ್ಚಿನಿಂದ ೨೦೨೨ರ ಮಾರ್ಚಿನ ವರೆಗೆ ನಮ್ಮ ದೇಶಕ್ಕೆ ಪರದೇಶಗಳಿಂದ ಬರುವ ನಿಯತ ವಿಮಾನಗಳು ನಿಂತಿದ್ದ ಕಾಲವದು; ವಿಶೇಷ ವಿಮಾನಗಳು ಇದ್ದರೂ ಅವನಿಗೆ ಸಮಯಕ್ಕೆ ಒದಗಲಿಲ್ಲ. ತಂದೆಯ ಅಂತ್ಯಕ್ರಿಯೆಯನ್ನು ಆ ಮಗನು ಅಂಗೈಯಗಲದ ಗಾಜಿನಲ್ಲಿ ನೋಡಿದನು. ಅದೇ ರಾತ್ರಿ ಅಲ್ಲಿಯ ಕನ್ನಡದ ಮನೆಗಳವರು, ರೋಗದ ಭಯದಿಂದ ಒಳಗೆ ಬರಲಾರದವರು, ಅವನ ಬಾಗಿಲಲ್ಲಿ ಅನ್ನ ಸಾರುಗಳ ಡಬ್ಬಿ ಇರಿಸಿ, ಅಂಗಳದಲ್ಲಿ ದೂರದೂರ ನಿಂತು, ಕಿಟಕಿಯೊಳಗಿಂದ ಅವನು ಆಡಿದ ತಂದೆಯ ಮಾತುಗಳನ್ನೆಲ್ಲ ಕೇಳಿದರಂತೆ. ಒಂಬತ್ತು ದಿವಸ ಆ ಮನೆಯಲ್ಲಿ ಒಲೆ ಹೊತ್ತಿಸಗೊಡಲಿಲ್ಲ. "ನನ್ನ ಮಗ ಪರದೇಶದಾಗ ಪರದೇಶಿ ಆಗಲಿಲ್ಲರಿ" ಎಂದು ಆ ತಾಯಿ ನಮ್ಮ ಮುಂದೆ ಹೇಳಿದರು. ಕೂಟವೆಂದರೆ ಹಾಡು ಊಟಗಳಷ್ಟೇ ಎಂದು ತಿಳಿದಿದ್ದ ನಮಗೆ ಅದರ ನಿಜವಾದ ಬೆಲೆ ಅಂದು ತಿಳಿಯಿತು.

ಅದರೊಡನೆ ಅವರು ಇನ್ನೊಂದು ಸಂಗತಿಯನ್ನೂ ಹೇಳಿದರು. ಹದಿನೈದು ವರ್ಷದ ಮೊಮ್ಮಗನು ಆ ದಿನ ಅಜ್ಜಿಯನ್ನು ಸಂತೈಸಬೇಕೆಂದು ತಂದೆಯ ಕೈಯಿಂದ ಮೊಬೈಲು ಇಸಗೊಂಡನಂತೆ. ಅವನ ಹತ್ತಿರ ದುಃಖವಿತ್ತು, ಪ್ರೀತಿಯಿತ್ತು. ಕನ್ನಡದ ಮಾತು ಮಾತ್ರ ಇರಲಿಲ್ಲ. "ಆಯಿ, ಆಯಿ" ಎಂದು ಎರಡು ಸಲ ಅಂದು, ಮುಂದೆ ಶಬ್ದ ಹೊಳೆಯದೆ, ಅತ್ತು, ಮೊಬೈಲನ್ನು ತಂದೆಯ ಕೈಗೆ ಕೊಟ್ಟುಬಿಟ್ಟನಂತೆ. ನುಡಿಯ ಅಭಿಮಾನದ ಬಗೆಗೆ ನಾವು ವೇದಿಕೆಗಳ ಮೇಲೆ ಎಷ್ಟೋ ಭಾಷಣಗಳನ್ನು ಕೇಳಿದ್ದೇವೆ, ಮಾಡಿಯೂ ಇದ್ದೇವೆ. ಆದರೆ ನುಡಿ ಏತಕ್ಕೆ ಬೇಕೆಂಬದಕ್ಕೆ ಆ ಹುಡುಗನ ಮೌನಕ್ಕಿಂತ ದೊಡ್ಡ ಉತ್ತರವನ್ನು ನಾವು ಕೇಳಿಲ್ಲ.

ಇಂಥ ಪ್ರಸಂಗವು ಕನ್ನಡಿಗರಿಗೊಬ್ಬರಿಗೇ ಬಂದುದಲ್ಲ. ನಮ್ಮ ಪಶ್ಚಿಮದ ಕರಾವಳಿಗೆ ಸಾಂಬಾರ ಪದಾರ್ಥಗಳ ವ್ಯಾಪಾರಕ್ಕೆ ಬಂದ ಡಚ್ಚರನ್ನು ವಾಚಕರು ಇತಿಹಾಸದಲ್ಲಿ ಓದಿರುವರು. ಅದೇ ಡಚ್ಚರು ೧೬೨೦ರ ದಶಕದಲ್ಲಿ ಅಮೇರಿಕೆಯ ಪೂರ್ವ ತೀರದಲ್ಲಿ ನ್ಯೂ ಆಮ್‌ಸ್ಟರ್‌ಡಾಮ್ ಎಂಬ ಊರನ್ನು ಕಟ್ಟಿದರು. ೧೬೬೪ರಲ್ಲಿ ಇಂಗ್ಲಿಷರು ಅದನ್ನು ವಶಪಡಿಸಿಕೊಂಡು ನ್ಯೂ ಯಾರ್ಕ್ ಎಂದು ಹೆಸರಿಟ್ಟರು. ರಾಜ್ಯ ಹೋದರೂ ಮಾತು ಕೂಡಲೆ ಹೋಗಲಿಲ್ಲ. ೧೭೮೨ರಲ್ಲಿ ಹುಟ್ಟಿ ಮುಂದೆ ಅಮೇರಿಕೆಯ ಎಂಟನೆಯ ಅಧ್ಯಕ್ಷನಾದ ಮಾರ್ಟಿನ್ ವಾನ್ ಬ್ಯೂರೆನ್ನನ ಮನೆಮಾತು ಡಚ್ ಭಾಷೆಯೇ ಆಗಿತ್ತು. ೧೮೪೭ರಲ್ಲಿ ಮತ್ತೆ ಹಲವು ಡಚ್ ಕುಟುಂಬಗಳು ಹೋಗಿ ಮಿಷಿಗನ್ ಪ್ರಾಂತದಲ್ಲಿ ಹಾಲೆಂಡ್ ಎಂಬ ಊರನ್ನೂ ಐಓವಾ ಪ್ರಾಂತದಲ್ಲಿ ಪೆಲ್ಲಾ ಎಂಬ ಊರನ್ನೂ ನೆಲೆಗೊಳಿಸಿದವು. ಅವರಿಗೆ ಅವರವೇ ಚರ್ಚುಗಳು, ಶಾಲೆಗಳು, ಪತ್ರಿಕೆಗಳು. 'ಡಿ ವಾಕ್ಟರ್' ಎಂಬ ಅವರ ಪತ್ರಿಕೆಯು ೧೮೬೮ರಲ್ಲಿ ಹುಟ್ಟಿ ೧೯೮೫ರ ವರೆಗೆ, ನೂರಾ ಹದಿನೇಳು ವರ್ಷ ಬದುಕಿತು. ನಮ್ಮ ಕನ್ನಡದ ಎಷ್ಟು ಪತ್ರಿಕೆಗಳಿಗೆ ಆ ಆಯುಷ್ಯವಿದೆ?

ಆದರೂ ಆ ನುಡಿ ನಿಲ್ಲಲಿಲ್ಲ. ಹೊರಗಿನಿಂದ ಒಂದು ಪೆಟ್ಟು ಬಿದ್ದಿತು: ಮೊದಲನೆಯ ಮಹಾಯುದ್ಧದ ಕಾಲದಲ್ಲಿ, ೧೯೧೮ರಲ್ಲಿ, ಐಓವಾದ ಗವರ್ನರನು ಶಾಲೆ, ಚರ್ಚು, ಸಭೆಗಳಲ್ಲಿಯೂ ದೂರವಾಣಿಯಲ್ಲಿಯೂ ಇಂಗ್ಲಿಷಲ್ಲದ ಭಾಷೆಯನ್ನು ಆಡಬಾರದೆಂದು ಸಾರಿದನು. ಆದರೆ ಒಳಗಿನ ಸವೆತವು ಅದಕ್ಕಿಂತ ದೊಡ್ಡದು. ಮಕ್ಕಳು ಬೀದಿಯ ಮಾತನ್ನು ಮನೆಗೆ ತಂದರು. ತಾಯಿತಂದೆಗಳು ಅದಕ್ಕೆ ಹೊಂದಿಕೊಂಡರು. ಇಂದು ಹಾಲೆಂಡ್ ಊರಿನಲ್ಲಿ ೧೯೨೯ರಿಂದ ನಡೆದುಬಂದ ಟ್ಯೂಲಿಪ್ ಹೂವಿನ ಉತ್ಸವವಿದೆ. ಪ್ರತಿ ಮೇ ತಿಂಗಳಲ್ಲಿ ಮಕ್ಕಳು ಕಟ್ಟಿಗೆಯ ಪಾದರಕ್ಷೆ ಹಾಕಿಕೊಂಡು ಬೀದಿಯಲ್ಲಿ ಕುಣಿಯುತ್ತಾರೆ. ಕುಣಿಯುವವರಲ್ಲಿ ಅಜ್ಜನ ಭಾಷೆ ಬಲ್ಲವರು ಅಪರೂಪ. ಡಚ್ಚರ ಭಾಷೆ ಇಂದು ಅಲ್ಲಿ ಬಹುಮಟ್ಟಿಗೆ ಊರುಗಳ ಹೆಸರಿನಲ್ಲಿ, ಮನೆತನಗಳ ಅಡ್ಡಹೆಸರಿನಲ್ಲಿ, ಕುಕ್ಕೀ, ಬಾಸ್ ಎಂಬಂಥ ಶಬ್ದಗಳಲ್ಲಿ ಉಳಿದಿದೆ. ಮೊದಲನೆಯ ತಲೆಮಾರು ಮಾತಾಡುತ್ತದೆ. ಎರಡನೆಯದು ಕೇಳಿ ತಿಳಿಯುತ್ತದೆ. ಮೂರನೆಯದು ವೇಷ ಹಾಕಿಕೊಂಡು ಕುಣಿಯುತ್ತದೆ. ನಮ್ಮವರದು ಈಗ ಎರಡನೆಯ ತಲೆಮಾರು ಮುಗಿದು ಮೂರನೆಯದು ತೊಡಗುವ ಹೊತ್ತು.

ಹಾಗೆಂದು ನಿರಾಶೆಗೆ ಕಾರಣವಿಲ್ಲ. ಡಚ್ಚರಿಗೆ ಇಲ್ಲದಿದ್ದ ಅನುಕೂಲಗಳು ನಮ್ಮವರಿಗಿವೆ. ಐಓವಾದ ಆ ಆಜ್ಞೆಯ ಕಾಲ ಹೋಯಿತು. ಎರಡು ಭಾಷೆಗಳಲ್ಲಿ ಓದುಬರಹ ಬಲ್ಲ ವಿದ್ಯಾರ್ಥಿಯ ಪ್ರಮಾಣಪತ್ರದ ಮೇಲೆ ಮೆಚ್ಚಿಕೆಯ ಮುದ್ರೆ ಒತ್ತುವ ಪದ್ಧತಿಯು ೨೦೧೧ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಾನೂನಾಗಿ, ಬಳಿಕ ಬೇರೆ ಪ್ರಾಂತಗಳಿಗೂ ಹಬ್ಬಿತು. ಹಲವು ಪಟ್ಟಣಗಳಲ್ಲಿ ವಾರದ ಕೊನೆಗೆ ಕನ್ನಡದ ಪಾಠಶಾಲೆಗಳು ನಡೆಯುತ್ತಿವೆ. ವಾರವೆಲ್ಲ ಉದ್ಯೋಗ ಮಾಡಿದ ತಾಯಂದಿರೇ ಅಲ್ಲಿ ಬಹುಮಟ್ಟಿಗೆ ಗುರುಗಳು. ಆದರೆ ವಾರಕ್ಕೆ ಒಂದು ತಾಸಿನ ಪಾಠದಿಂದ ಅಕ್ಷರ ಬಂದೀತು, ಮಾತು ಬಾರದು. ನಾವು ವೃತ್ತಿಯಿಂದ ಮಾಸ್ತರರಾಗಿಯೂ ಇದನ್ನು ಒಪ್ಪಿಕೊಳ್ಳುತ್ತೇವೆ. ಕೂಸು ಮಾತು ಕಲಿಯುವದು ಅಡಿಗೆಮನೆಯಲ್ಲಿ, ಅನ್ನ ಬಡಿಸುವ ಕೈಯ ಹತ್ತಿರ. ಜಗಳದಲ್ಲಿ, ಲಾಲಿಯಲ್ಲಿ, ಬೈಗಳಲ್ಲಿ. ಅಲ್ಲಿ ಕನ್ನಡವಿದ್ದರೆ ಪಾಠಶಾಲೆಯು ಅದನ್ನು ತಿದ್ದಬಲ್ಲದು. ಅಲ್ಲಿ ಇಲ್ಲದಿದ್ದರೆ ತಿದ್ದಲಿಕ್ಕೆ ಏನಿದೆ?

ಇಷ್ಟನ್ನು ಕಡಲಾಚೆಯವರಿಗೆ ಉಪದೇಶಿಸಿ ಲೇಖನಿಯನ್ನು ಕೆಳಗಿಡುವದು ಸುಲಭ. ಆದರೆ ದೀಪದ ಬುಡದಲ್ಲಿ ಕತ್ತಲೆ. ನಮ್ಮ ಓಣಿಯ ಬಾಗಿಲು ಬಾಗಿಲಿಗೆ ಮುಂಜಾನೆ ಇಂಗ್ಲಿಷ್ ಶಾಲೆಯ ಹಳದಿ ಗಾಡಿ ಬಂದು ನಿಲ್ಲುತ್ತದೆ. ಹಾವೇರಿಯಲ್ಲಿಯೇ ಹುಟ್ಟಿ ಬೆಳೆದ ನೆರೆಮನೆಯ ಹುಡುಗನಿಗೆ ಎಪ್ಪತ್ತೊಂಬತ್ತು ರೂಪಾಯಿ ಎಂದರೆ ತಿಳಿಯದು, ಇಂಗ್ಲಿಷಿನಲ್ಲಿ ಹೇಳಬೇಕು. ಅವನು ಕಡಲು ದಾಟಿಲ್ಲ, ವರದಾ ನದಿಯನ್ನೂ ಅಷ್ಟಾಗಿ ದಾಟಿಲ್ಲ. ಅದಕ್ಕೂ ಮಿಗಿಲಾಗಿ ನಮ್ಮದೇ ಒಂದು ತಪ್ಪನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಮೊಮ್ಮಗಳು ಮಾತು ಕಲಿತಂದಿನಿಂದ ನಾವು ಮೊಬೈಲಿನಲ್ಲಿ ಅವಳೊಡನೆ ಇಂಗ್ಲಿಷಿನಲ್ಲಿಯೇ ಮಾತಾಡುತ್ತ ಬಂದಿದ್ದೆವು. ಕೂಸಿಗೆ ಸುಲಭವಾಗಲೆಂದು ಹೇಳಿಕೊಳ್ಳುತ್ತಿದ್ದೆವು. ನಿಜವಾಗಿ ನೋಡಿದರೆ, ಹಳ್ಳಿಯ ಮಾಸ್ತರನಿಗೂ ಇಂಗ್ಲಿಷ್ ಬರುತ್ತದೆಂದು ಸೊಸೆಯ ಕಿವಿಗೆ ಬೀಳಲೆಂಬ ಆಶೆಯೂ ಇತ್ತು. ಕನ್ನಡ ಬಿಟ್ಟು ಬೇರೆ ಬಾರದ ನಮ್ಮ ಮನೆಯವರು ಹಿಂದೆ ನಿಂತು ಕೈಬೀಸಿ ಒಳಗೆ ಹೋಗುತ್ತಿದ್ದರು. ಕೂಸು ಅಜ್ಜಿಯ ಮಾತನ್ನು ಕಲಿಯದಿದ್ದರೆ ತಪ್ಪು ಯಾರದು?

ಆ ಮಳೆಗಾಲದ ಬಳಿಕ ಮನೆಯಲ್ಲಿ ಹೊಸ ನಿಯಮವಾಯಿತು. ರವಿವಾರ ಮುಂಜಾನೆ ಆರೂವರೆಗೆ, ಅಂದರೆ ಅಲ್ಲಿ ಶನಿವಾರ ರಾತ್ರಿ ಬೇಸಿಗೆಯಲ್ಲಿ ಒಂಬತ್ತು, ಚಳಿಗಾಲದಲ್ಲಿ ಎಂಟು ಗಂಟೆಗೆ, ಅರ್ಧ ತಾಸು ಕನ್ನಡವಲ್ಲದೆ ಬೇರೆ ಮಾತಿಲ್ಲ. ಮೊದಲ ಎರಡು ವಾರ ನಾವು ಗುರುಗಳಾಗಿ ಕುಳಿತು ವರ್ಣಮಾಲೆಯಿಂದ ತೊಡಗಿದೆವು. ಅಲ್ಪಪ್ರಾಣ ಮಹಾಪ್ರಾಣಗಳ ಭೇದವನ್ನು ಹೇಳುವಷ್ಟರಲ್ಲಿ ಕೂಸು ಎದ್ದು ಓಡಿತು. ಮೂರನೆಯ ವಾರ ನಮ್ಮ ಮನೆಯವರು ನಮ್ಮನ್ನು ಸರಿಸಿ ತಾವು ಕುಳಿತರು. ಮೊಬೈಲನ್ನು ಅಡಿಗೆಮನೆಗೆ ಒಯ್ದು ರೊಟ್ಟಿ ತಟ್ಟುವದನ್ನು ತೋರಿಸಿದರು, ಬೆಕ್ಕು ತೋರಿಸಿದರು, ಹಿತ್ತಲಿನ ಕರಿಬೇವು ತೋರಿಸಿದರು. ಇದೇನು, ಅದೇನು ಎಂದು ಕೇಳುವ ಕೆಲಸ ಕೂಸಿನದು. ವರ್ಷ ಕಳೆಯುವದರೊಳಗೆ ಅಂದು ಅರ್ಧಕ್ಕೆ ನಿಂತ ಕಥೆಯು ಮುಗಿಯಿತು, ತರ್ಜುಮೆಯಿಲ್ಲದೆ ಮುಗಿಯಿತು. ನರಿಯ ಭಾಗ ಬಂದಾಗ ಕೂಸು ನಮ್ಮ ಹಾವೇರಿಯ ಧಾಟಿಯಲ್ಲಿಯೇ "ಆಮ್ಯಾಲೆ ಏನಾತು?" ಎಂದು ಕೇಳಿತು.

ಆದಕಾರಣ ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಗಳಲ್ಲಿ ಒಂಟಿಯಾಗಿ ಕುಳಿತ ಅಜ್ಜ ಅಜ್ಜಿಯರಲ್ಲಿ ನಮ್ಮ ಬಿನ್ನಹವಿಷ್ಟೆ. ಮಕ್ಕಳು ಹೋದರೆಂದು ಮರುಗುವ ಹೊತ್ತಿನಲ್ಲಿ ಅರ್ಧ ತಾಸನ್ನು ಮೊಮ್ಮಕ್ಕಳಿಗೆ ಕೊಡಿರಿ. ನಿಮ್ಮ ಹರಕು ಇಂಗ್ಲಿಷನ್ನು ಬಿಟ್ಟು ನಿಮ್ಮ ತುಂಬಿದ ಕನ್ನಡವನ್ನು ಆಡಿರಿ. ಕೂಸು ತಪ್ಪಾಗಿ ನುಡಿದರೆ ನಗಬೇಡಿರಿ. ನಕ್ಕರೆ ಅದು ಮತ್ತೆ ಬಾಯಿ ತೆರೆಯದು. ಕಡಲಾಚೆಯ ಮಕ್ಕಳಲ್ಲಿಯೂ ಒಂದು ಬಿನ್ನಹ: ನಮ್ಮ ಮಾತನ್ನು ಒಂದು ವಾಕ್ಯದಲ್ಲಿ ತರ್ಜುಮೆ ಮಾಡಿ ಮುಗಿಸಬೇಡಿರಿ, ಕೂಸಿಗೆ ತಿಳಿಯದಿದ್ದರೆ ನಾವು ಎರಡನೆಯ ಸಲ ಹೇಳುವೆವು, ನಮಗೆ ಬೇರೆ ಕೆಲಸವೇನಿದೆ?

ಈ ಲೇಖನವನ್ನು ಮುಗಿಸುವ ಹೊತ್ತಿಗೆ ಅಂಚೆಯವನು ಒಂದು ಲಕೋಟೆಯನ್ನು ಕೊಟ್ಟುಹೋದನು. ಒಳಗೆ ಗೆರೆ ಹಾಕಿದ ಹಾಳೆಯ ಮೇಲೆ ದಪ್ಪ ಅಕ್ಷರಗಳಲ್ಲಿ ನಾಲ್ಕು ಸಾಲು ಕನ್ನಡ. ನಮ್ಮ ಮೊಮ್ಮಗಳಿಗೆ ಒತ್ತಕ್ಷರ ಇನ್ನೂ ಬಂದಿಲ್ಲ. ಅಜ್ಜನೆಂದು ಬರೆಯಲು ಹೋಗಿ 'ಅಜ' ಎಂದು ಸಂಬೋಧಿಸಿದ್ದಾಳೆ. ಸಂಸ್ಕೃತದಲ್ಲಿ ಅಜವೆಂದರೆ ಆಡು. ಹುಟ್ಟಿಲ್ಲದವನಾದ ಬ್ರಹ್ಮನಿಗೂ ಅದೇ ಹೆಸರು. ಎರಡರಲ್ಲಿ ಯಾವದನ್ನು ಸ್ವೀಕರಿಸಬೇಕೆಂದು ನಮ್ಮ ಮನೆಯವರನ್ನು ಕೇಳಿದೆವು. "ಗಡ್ಡ ನೋಡಿದರ ಗೊತ್ತಾಗತೈತಲ್ಲ" ಎಂದರು. ಬರುವ ರವಿವಾರ ಒತ್ತಕ್ಷರದ ಪಾಠ ಇಟ್ಟುಕೊಂಡಿದ್ದೇವೆ.